ಲೆಕ್ಕಕ್ಕೂ ಉಂಟು

ಇಳಾಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಹದಿನಾಲ್ಕು ಮಕ್ಕಳನ್ನು ಕರೆದಿದ್ದೆವು. ಬಂದವರು ಆರು. ಉಳಿದ ಎಂಟು ಮನೆಯವರ ಮೇಲೆ ನನಗೆ ಕೋಪವಿಲ್ಲ. ಆಮಂತ್ರಣದ ಕಾಗದದಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ: 'ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಆಟಗಳೆಲ್ಲ ಮನೆಯಲ್ಲೇ ಮಾಡಿದವು. ಈ ಆಟಗಳಲ್ಲಿ ಸೋಲು ಉಂಟು.' ಮೂರನೆಯ ವಾಕ್ಯ ಓದಿದ ಮೇಲೂ ಆರು ಮನೆಯವರು ಮಕ್ಕಳನ್ನು ಕಳಿಸಿದರು ಎಂಬುದು ನನ್ನ ದೃಷ್ಟಿಯಲ್ಲಿ ಸಣ್ಣ ಸುದ್ದಿಯಲ್ಲ.

ನಮ್ಮ ಊರಿನಲ್ಲಿ ಆಟದಲ್ಲಿ ಸೋತವರ ಹೆಸರು ಮಾರನೆಯ ದಿನ ಸೂರ್ಯ ಹುಟ್ಟುವವರೆಗೆ ಇರುವುದಿಲ್ಲ. ಅವರ ಬಾಯಿಗೂ ಬರುವುದಿಲ್ಲ, ಹೆತ್ತವರ ಬಾಯಿಗೂ ಬರುವುದಿಲ್ಲ. ಬರೆದಿಟ್ಟ ಕಡೆ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಎಲ್ಲವೂ ವಾಪಸು ಬರುತ್ತದೆ. ನೋವಿಲ್ಲ, ಜ್ವರವಿಲ್ಲ. ಊರು ಇದಕ್ಕೆ ಹೊಂದಿಕೊಂಡಿದೆ. ಇಸ್ಪೀಟು ಕ್ಲಬ್ಬಿನಲ್ಲಿ ಪ್ರತಿ ಸದಸ್ಯರಿಗೂ ಒಂದು ಕುರ್ಚಿ ನಂಬರು ಇದೆ. ಕ್ರಿಕೆಟ್ ಪಂದ್ಯ ನಡೆದ ಸಂಜೆ ಹನ್ನೊಂದು ಮನೆಗಳಲ್ಲಿ ಹೆಂಡತಿಯರು ಗಂಡಂದಿರನ್ನು 'ರೀ' ಎಂದು ಕೂಗುತ್ತಾರೆ. ಬೇರೆ ದಿನಗಳಲ್ಲೂ ಹಾಗೆಯೇ ಕೂಗುವುದರಿಂದ ಯಾವ ತಂಡ ಸೋತಿತೆಂದು ಬೀದಿಗೆ ತಿಳಿಯುವುದಿಲ್ಲ.

ನಾನು ಈ ಊರಿನ ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಕೊನೆಯ ಹತ್ತೊಂಬತ್ತು ವರ್ಷ ಅಂತಿಮ ಕರಡು ನೋಡುವುದು ನನ್ನ ಜವಾಬ್ದಾರಿಯಾಗಿತ್ತು. ಚುನಾವಣೆಯ ಫಲಿತಾಂಶದ ದಿನ ಸೋತ ಅಭ್ಯರ್ಥಿಯ ಹೆಸರಿಗೆ ಅಂದಾಜಿನಲ್ಲಿ ಖಾಲಿ ಜಾಗ ಬಿಟ್ಟು ಪುಟ ಕಟ್ಟುತ್ತಿದ್ದೆವು. ಪೇಪರು ಮನೆಬಾಗಿಲಿಗೆ ಬಿದ್ದು ಬಿಸಿಲು ತಾಕಿದ ಮೇಲೆ ಆ ಜಾಗದಲ್ಲಿ ಹೆಸರು ಮೂಡುತ್ತಿತ್ತು. ಒಂದು ಸಲ ಅಂದಾಜು ತಪ್ಪಿ, ಇನಿಷಿಯಲ್ಲು ಸಮೇತ ಹದಿನೇಳು ಅಕ್ಷರದ ಹೆಸರೊಂದು ಪಕ್ಕದ ಕಾಲಮ್ಮಿನ ಬೆಳ್ಳುಳ್ಳಿ ಧಾರಣೆಯ ಮೇಲೆ ಹತ್ತಿಬಿಟ್ಟಿತು. ಮಂಡಿಯವರು ಆಫೀಸಿಗೆ ಬಂದು ಜಗಳವಾಡಿದರು. ಚುನಾವಣೆ ಆಟವೋ ಅಲ್ಲವೋ ಎಂಬ ಬಗ್ಗೆ ಪುರಸಭೆಯಲ್ಲಿ ಎರಡು ಸಲ ಚರ್ಚೆಯಾಗಿದೆ. ನಿರ್ಣಯವಾಗಿಲ್ಲ. ಹೆಸರುಗಳ ಪ್ರಕಾರ ಅದು ಆಟವೇ.

ಮಕ್ಕಳ ವಿಷಯ ಬೇರೆ. ಹಿಂದಿನಿಂದಲೂ ನಮ್ಮಲ್ಲಿ ತೀರ ಚಿಕ್ಕ ಮಗು ಆಟಕ್ಕೆ ಬಂದರೆ, ದೊಡ್ಡವರು ಯಾರಾದರೂ ಮೊದಲೇ ಒಂದು ಮಾತು ಹೇಳಿಬಿಡುತ್ತಿದ್ದರು: 'ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.' ಹಾಗೆ ಹೇಳಿದರೆ ಆ ಮಗು ಎಷ್ಟು ಸಲ ಔಟಾದರೂ ಹೆಸರು ಹೋಗುವುದಿಲ್ಲ. ಮೊದಲೇ ಹೇಳಲು ಮರೆತರೆ ಹೆಸರಿರುವ ತನಕ ಆಮೇಲೂ ಹೇಳಬಹುದು. ಹೇಳಿದ ಕ್ಷಣದಿಂದ ಅವಳು ಆಡಿದ್ದೆಲ್ಲ ಆಡದ ಹಾಗೆ. ಇದು ಮೂರು ನಾಲ್ಕು ವರ್ಷದ ಮಕ್ಕಳಿಗೆಂದು ಇದ್ದ ಮಾತು. ಹನ್ನೆರಡು ವರ್ಷದ ಹಿಂದೆ ಪುರಸಭೆ ಅದನ್ನು ಬೈಲಾ ಮಾಡಿತು. ಹದಿನಾಲ್ಕು ವರ್ಷದೊಳಗಿನ ಯಾವ ಮಗುವನ್ನೂ ಲೆಕ್ಕಕ್ಕಿಟ್ಟು ಆಡಿಸಬಾರದು. ಪುರಸಭೆಯ ಮೊಹರು ಇಲ್ಲದ ಆಟ ಆಡಿಸಬಾರದು. ಆಡಿಸಿದರೆ ಮಗುವಿನ ಹೆಸರು ಪಟ್ಟಿಗೆ ಹೋಗುತ್ತದೆ, ಪಟ್ಟಿ ನೋಟಿಸ್ ಬೋರ್ಡಿಗೆ ಹೋಗುತ್ತದೆ, ಪಟ್ಟಿಯಲ್ಲಿರುವ ಮಗುವನ್ನು ಹದಿನೈದು ದಿನ ಶಾಲೆಗೆ ಬಿಟ್ಟುಕೊಳ್ಳುವುದಿಲ್ಲ. ಈ ಸುದ್ದಿಯನ್ನು ನಾಲ್ಕು ಕಾಲಮ್ಮಿನಲ್ಲಿ ಹಾಕಿದವರು ನಾವೇ. ಕರಡು ನೋಡಿದವಳು ನಾನೇ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಬೈಲಾ ಬಂದ ಮೇಲೆ ಊರಿನ ಹುಟ್ಟುಹಬ್ಬಗಳಿಗೆಲ್ಲ ಪುರಸಭೆಯ ಪೆಟ್ಟಿಗೆ ಬರುತ್ತದೆ. ಬಣ್ಣ ತುಂಬುವ ಚಿತ್ರ, ಹನ್ನೆರಡು ಬಲೂನು, ಹಾವಿಲ್ಲದ ಹಾವು ಏಣಿ. ಮಣೆಯ ತುಂಬ ಬರೀ ಏಣಿಗಳು. ಇಳಾ ಹುಟ್ಟಿದ್ದೇ ಬೈಲಾ ಬಂದ ಮೇಲೆ. ಅವಳು ಒಮ್ಮೆಯೂ ಸೋತಿರಲಿಲ್ಲ. ಲೆಕ್ಕಕ್ಕಿಲ್ಲದವರು ಗೆಲ್ಲುವುದೂ ಇಲ್ಲವಾದ್ದರಿಂದ ಒಮ್ಮೆಯೂ ಗೆದ್ದಿರಲಿಲ್ಲ.

ಇಳಾ ನನ್ನ ತಂಗಿ ಕಾತ್ಯಾಯಿನಿಯ ಮಗಳು. ನಾವು ಮೂವರೂ ಒಂದೇ ಮನೆಯಲ್ಲಿದ್ದೇವೆ. ಅವಳ ಅಪ್ಪ ಲಾರಿ ಓಡಿಸುತ್ತಾರೆ, ತಿಂಗಳಿಗೆ ಎರಡು ಸಲ ಬರುತ್ತಾರೆ. ಹುಟ್ಟುಹಬ್ಬಕ್ಕೆ ಮೂರು ವಾರ ಇರುವಾಗ ಇಳಾ ಗೆಳತಿಯೊಬ್ಬಳ ಮನೆಯ ಪಾರ್ಟಿಯಿಂದ ಬಂದು ಚಪ್ಪಲಿ ಬಿಡದೆ ನನ್ನ ಮೇಜಿನ ಮುಂದೆ ನಿಂತಳು.

"ದೊಡ್ಡಮ್ಮ, ಏಣಿ ಆಟದಲ್ಲಿ ನಾನು ಮೊದಲು ಮೇಲೆ ಹೋದೆ."

"ಒಳ್ಳೇದಾಯ್ತಲ್ಲ."

"ಯಾರಿಗೂ ಗೊತ್ತೇ ಆಗಲಿಲ್ಲ. ಎಲ್ಲರಿಗೂ ಒಂದೊಂದು ಪೆನ್ಸಿಲ್ ಬಾಕ್ಸ್ ಕೊಟ್ರು. ಮಲಗಿಬಿಟ್ಟಿದ್ದ ಪಾಪೂಗೂ ಕೊಟ್ರು."

"ನಿನಗೆ ಗೊತ್ತಾಯ್ತಲ್ಲ, ಸಾಕು."

"ನಂಗೊಬ್ಬಳಿಗೇ ಗೊತ್ತಾದ್ರೆ ಅದು ಸುದ್ದೀನಾ ದೊಡ್ಡಮ್ಮ?"

ಅವಳು ಒಂದು ಚಪ್ಪಲಿ ಬಿಟ್ಟಳು. "ಈ ಸಲ ನನ್ನ ಬರ್ತ್‌ಡೇಗೆ ಪೆಟ್ಟಿಗೆ ಬೇಡ. ನೀನೇ ಆಟ ಮಾಡ್ಕೊಡು. ನನ್ನನ್ನ ಲೆಕ್ಕಕ್ಕೆ ತಗೊಳ್ಳೋ ಆಟ." ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಸೇರಿಸಿದಳು, "ಸೋತ್ರೂ ಪರವಾಗಿಲ್ಲ. ಹೆಸರು ಹೋದ್ರೆ ಹೆಂಗಿರತ್ತೆ ಅಂತ ನೋಡ್ಬೇಕು."

ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಕಾತ್ಯಾಯಿನಿ ರವಿಕೆ ಹೊಲಿಯುತ್ತಾಳೆ. ಅವಳ ತುಟಿಗಳ ನಡುವೆ ಗುಂಡುಪಿನ್ನು ಇರುವಾಗ ಮಾತಾಡುವುದಿಲ್ಲ. ಪಿನ್ನು ತೆಗೆದು ಡಬ್ಬಿಗೆ ಹಾಕಿದಳೆಂದರೆ ದೀರ್ಘ ಮಾತೇ ಇದೆ ಎಂದರ್ಥ. ಇಳಾ ಕೈಕಾಲು ತೊಳೆಯಲು ಹೋದ ಮೇಲೆ ಪಿನ್ನುಗಳು ಡಬ್ಬಿಗೆ ಬಿದ್ದವು.

"ಅವಳ ತಲೆಗೆ ಇಲ್ಲದ್ದೆಲ್ಲ ತುಂಬಬೇಡ ಅಕ್ಕ."

"ನಾನು ತುಂಬಲಿಲ್ಲ. ಅವಳೇ ಕೇಳಿದ್ದು."

"ಕೇಳ್ತಾಳೆ. ನಾನೂ ಕೇಳಿದ್ದೆ."

ಅವಳು ಯಾವುದನ್ನು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅವಳ ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ಬೆಳಿಗ್ಗೆ ಏಳೂವರೆಗೆ ಹೆದರಿ ಕೂತಿದ್ದವಳನ್ನು ಸಮಾಧಾನ ಮಾಡಲೆಂದು ಐದು ಕಲ್ಲಾಟಕ್ಕೆ ಕರೆದವಳು ನಾನು. ಆಗ ನನಗೆ ಹತ್ತೊಂಬತ್ತು. ಆಟ ಚೆನ್ನಾಗಿ ಬರುತ್ತಿತ್ತು. ಗೆಲ್ಲುವ ಹಂತಕ್ಕೆ ಬಂದಾಗ ಕೈ ಬಿಡಬಹುದಿತ್ತು, ಬಿಡಲಿಲ್ಲ. ಹತ್ತು ಗಂಟೆಗೆ ಪರೀಕ್ಷೆಯ ಬಾಗಿಲಲ್ಲಿ ಅವಳ ಹಾಲ್ ಟಿಕೆಟ್ಟಿನ ಮೇಲೆ ಹೆಸರಿನ ಜಾಗ ಖಾಲಿಯಿತ್ತು. ಒಳಗೆ ಬಿಡಲಿಲ್ಲ. ಮಾರನೆಯ ವರ್ಷ ಅವಳು ಪರೀಕ್ಷೆಗೆ ಕಟ್ಟಲೇ ಇಲ್ಲ. ಇದನ್ನು ಮೂವತ್ತೈದು ವರ್ಷಗಳಲ್ಲಿ ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

"ತಪ್ಪು ನನ್ನದು," ಎಂದೆ.

"ಅಲ್ಲ. ಅವತ್ತು ನೀನು 'ಲೆಕ್ಕಕ್ಕಿಲ್ಲ ಅಂತ ಹೇಳ್ಲಾ' ಅಂತ ಕೇಳಿದ್ದೆ. ಲೆಕ್ಕಕ್ಕೇ ಆಡೋಣ ಅಂದೋಳು ನಾನು. ಕೊಬ್ಬು ನಂದು." ಕತ್ತರಿ ಕೈಗೆತ್ತಿಕೊಂಡಳು. "ಅದಕ್ಕೇ ಹೇಳ್ತಿರೋದು. ಅವಳಿಗೂ ಅದೇ ಕೊಬ್ಬಿದೆ."

"ಅದು ಕೊಬ್ಬಲ್ಲ ಕಾತಿ."

"ಮತ್ತಿನ್ನೇನು?"

"ಗೊತ್ತಿಲ್ಲ. ಆದ್ರೆ ಭಾನುವಾರ ಸೋತ್ರೆ ಸೋಮವಾರ ಬೆಳಿಗ್ಗೆ ಆರೂ ಇಪ್ಪತ್ತೆರಡಕ್ಕೆ ಹೆಸರು ಬರತ್ತೆ. ಸ್ಕೂಲಿನ ಹಾಜರಿ ಒಂಬತ್ತೂವರೆಗೆ. ಪಂಚಾಂಗ ನೋಡಿದೀನಿ."

"ಸೋಮವಾರ ಮೋಡ ಇದ್ರೆ?"

"ಮೋಡ ಇದ್ರೂ ಸೂರ್ಯ ಹುಟ್ತಾನೆ."

ಅವಳು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಪಿನ್ನುಗಳನ್ನು ಮತ್ತೆ ತುಟಿಗೆ ಸಿಕ್ಕಿಸಿಕೊಂಡಳು. ಅದನ್ನು ನಾನು ಒಪ್ಪಿಗೆಯೆಂದು ಬರೆದುಕೊಳ್ಳಲಿಲ್ಲ, ವಿರೋಧವೆಂದೂ ಬರೆದುಕೊಳ್ಳಲಿಲ್ಲ.

ಮಾರನೆಯ ದಿನವೇ ಕೆಲಸ ಶುರುಮಾಡಿದೆ. ಅಂಗಡಿಯಿಂದ ಏನೂ ತರಬಾರದು ಎಂಬುದು ಇಳಾಳ ಷರತ್ತು. ಮೊದಲನೆಯದು ಕರಟದ ಆಟ. ಅಡುಗೆಮನೆಯ ಮೂಲೆಯಲ್ಲಿ ಒಲೆಗೆಂದು ಕೂಡಿಟ್ಟಿದ್ದ ತೆಂಗಿನ ಕರಟಗಳಲ್ಲಿ ಹತ್ತು ಆರಿಸಿ, ನಾರು ಹೆರೆದು, ಕವುಚಿ ಗೋಪುರ ಕಟ್ಟುವುದು; ಹಳೆಯ ಕಾಲುಚೀಲಕ್ಕೆ ಕಾತ್ಯಾಯಿನಿಯ ಬಟ್ಟೆ ಚೂರು ತುರುಕಿ ಚೆಂಡು ಮಾಡಿ ಎಂಟು ಹೆಜ್ಜೆ ದೂರದಿಂದ ಹೊಡೆಯುವುದು. ಎಲ್ಲರಿಗಿಂತ ಕಡಿಮೆ ಕರಟ ಉರುಳಿಸಿದವರು ಸೋತಂತೆ. ಎರಡನೆಯದು ಅಕ್ಷರದ ಆಟ. ಹಳೆಯ ಪೇಪರಿನ ತಲೆಬರಹಗಳಿಂದ ನಾನೂರು ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಒಬ್ಬೊಬ್ಬರಿಗೆ ಏಳು ಅಕ್ಷರ. ಅದರಲ್ಲಿ ಒಂದು ಪದ ಕಟ್ಟಬೇಕು. ಎಲ್ಲಕ್ಕಿಂತ ಚಿಕ್ಕ ಪದದವರು ಸೋತಂತೆ. ನಮ್ಮ ತಲೆಬರಹಗಳಲ್ಲಿ 'ಭ್ರ' ಎಷ್ಟಿದೆ, 'ಋ' ಎಷ್ಟು ಕಡಿಮೆ ಎಂದು ನನಗೆ ತಿಳಿದದ್ದು ಆಗಲೇ.

ಮೂರನೆಯದಕ್ಕೆ ಬಳೆ ಎಸೆತ ಎಂದುಕೊಂಡಿದ್ದೆ. ಸಾಲಾಗಿ ಇಟ್ಟ ಚೊಂಬುಗಳಿಗೆ ದೂರದಿಂದ ಬಳೆ ತೊಡಿಸುವುದು, ತಪ್ಪಿದವರು ಹೊರಗೆ. ಗಾಜಿನ ಬಳೆಗಳಿಗೆ ಉಣ್ಣೆ ಸುತ್ತಿದ್ದರೂ ಪರೀಕ್ಷೆಗೆಂದು ಎಸೆದಾಗ ಐದರಲ್ಲಿ ನಾಲ್ಕು ಒಡೆದವು. ಆ ಆಟ ಕೈಬಿಟ್ಟು 'ಪೇಟೆ ಸುತ್ತು' ಮಾಡಿದೆ. ಎರಡು ಹಳೆಯ ಕ್ಯಾಲೆಂಡರುಗಳನ್ನು ಮಗುಚಿ ಅಂಟಿಸಿ ಐವತ್ತಾರು ಮನೆಗಳ ದಾರಿ ಬರೆದೆ. ಬಸ್‌ಸ್ಟ್ಯಾಂಡಿನಿಂದ ಹೊರಟು ಹಿಟ್ಟಿನ ಗಿರಣಿ, ಪೋಸ್ಟಾಫೀಸು, ಹಳೇ ಬಾವಿ ದಾಟಿ ನಮ್ಮ ಮನೆ ಸೇರಬೇಕು. ಇಳಾ ಹನ್ನೊಂದು ಹಾವು ಬರೆದಳು. ಪ್ರತಿ ಹಾವಿಗೂ ಹಲ್ಲು ಬರೆದಳು. ದಾಳದ ಬದಲು ನಾಲ್ಕು ಹುಣಸೆಬೀಜಗಳನ್ನು ಒಂದು ಮಗ್ಗುಲು ಬಿಳಿ ಕಾಣುವಂತೆ ಕಲ್ಲಿಗೆ ತೇಯ್ದೆವು. ಬಿಳಿ ಎಷ್ಟು ಮೇಲೆ ಬೀಳುತ್ತದೋ ಅಷ್ಟು ನಡೆ. ಇನ್ನೂರು ಸಲ ಎಸೆದು ಬರೆದಿಟ್ಟು ನೋಡಿದೆ. ಒಂದು ಬೀಜ ಕಪ್ಪು ಮಗ್ಗುಲಿಗೇ ಹೆಚ್ಚು ಬೀಳುತ್ತಿತ್ತು. ಅದನ್ನು ಬದಲಾಯಿಸಿದೆವು.

"ಮಕ್ಕಳಾಟಕ್ಕೆ ಇಷ್ಟೆಲ್ಲ ಯಾಕೆ?" ಎಂದು ಹಾಲು ತಂದುಕೊಡುವ ಪುಟ್ಟತಾಯಮ್ಮ ಕೇಳಿದಳು.

"ಲೆಕ್ಕಕ್ಕಿರೋ ಆಟ ಪುಟ್ಟತಾಯಿ. ಮೋಸ ಇರಬಾರದು."

"ನಮ್ ಕಾಲದಾಗೆ ಮೋಸ ಇಲ್ದಿದ್ರೆ ಆಟಾನೇ ಆಗ್ತಿರ್ಲಿಲ್ಲ ಕಣಕ್ಕ," ಎಂದು ಹಾಲಿನ ಕ್ಯಾನು ಎತ್ತಿಕೊಂಡು ಹೋದಳು.

ಪ್ರತಿ ಆಟಕ್ಕೂ ಒಂದು ಹಾಳೆಯಲ್ಲಿ ನಿಯಮ ಬರೆದೆ. ನಮ್ಮೂರಿನಲ್ಲಿ ಆಟಕ್ಕೆ ಮುಂಚೆ ಗಟ್ಟಿಯಾಗಿ ಓದಿದ್ದೇ ನಿಯಮ. ಎಲ್ಲರೂ ಹೂಂ ಎಂದ ಮೇಲೆ ಆಟ ಮುಗಿಯುವವರೆಗೆ ಅದು ಬದಲಾಗುವುದಿಲ್ಲ. ಹಾಗಾಗಿ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ನೋಡಿದೆ. ಆಮಂತ್ರಣದ ಒಂದು ಪ್ರತಿಯನ್ನು ಪುರಸಭೆಯ ಆಟ ನಿರೀಕ್ಷಕರಾದ ನಂಜುಂಡಾರಾಧ್ಯರಿಗೂ ಕಳಿಸಿ, 'ಈ ಬಗ್ಗೆ ತಮ್ಮ ಅಭಿಪ್ರಾಯವೇನು' ಎಂದು ಕೇಳಿದೆ. ಕಾತ್ಯಾಯಿನಿಗೆ ಇದು ತಿಳಿದಾಗ ಹಣೆ ಚಚ್ಚಿಕೊಂಡಳು.

"ಕಳ್ಳತನಕ್ಕೆ ಮುಂಚೆ ಪೊಲೀಸರಿಗೆ ಕಾಗದ ಬರೀತಾರಾ ಯಾರಾದ್ರೂ?"

"ಕಳ್ಳತನ ಅಲ್ಲ ಅಂತಾನೇ ಬರೆದಿದ್ದು. ಇನ್ನೊಂದು ಕಡೆಯವರ ಮಾತು ಕೇಳದೆ ನಾನು ಇದುವರೆಗೆ ಏನನ್ನೂ ಅಚ್ಚಿಗೆ ಬಿಟ್ಟಿಲ್ಲ."

ಆರಾಧ್ಯರಿಂದ ಉತ್ತರ ಬರಲಿಲ್ಲ.

ಭಾನುವಾರ ಮೂರು ಗಂಟೆಗೆ ಬಂದ ಆರು ಮಕ್ಕಳಲ್ಲಿ ಮೊದಲು ಬಂದವಳು ಎದುರು ಮನೆಯ ಜಬೀನಾ. ಅವಳ ಅಮ್ಮ ನೂರ್‌ಜಹಾನ್ ಜೊತೆಗೇ ಬಂದು ಚಾಪೆಯ ಅಂಚಿನಲ್ಲಿ ಕೂತರು. ಆಮೇಲೆ ನಚಿಕೇತ, ಅವನ ಅಪ್ಪನ ಸ್ಕೂಟರಿನಲ್ಲಿ. ಅಪ್ಪ ಹೆಲ್ಮೆಟ್ಟು ತೆಗೆಯದೆ ಹೇಳಿದರು, "ಸೋಲ್ಸಿ ಮೇಡಂ, ಒಂದಿನ ಹೆಸರಿಲ್ದೆ ಇರಲಿ. ದಿನಾ ಕೂಗೀ ಕೂಗೀ ನನ್ನ ಗಂಟಲು ಹೋಗಿದೆ." ಉಳಿದ ನಾಲ್ವರು ಇಳಾಳ ಕ್ಲಾಸಿನವರು. ಯಾರೂ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನಲಿಲ್ಲ. ಕಾತ್ಯಾಯಿನಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ನೋಡಿದೆ. ಬಾಯಲ್ಲಿ ಪಿನ್ನಿರಲಿಲ್ಲ, ಆದರೂ ಮಾತಾಡಲಿಲ್ಲ.

ಕರಟದ ಆಟದಲ್ಲಿ ನಚಿಕೇತ ಸೋತ. ಅವನ ಚೆಂಡು ಗೋಪುರಕ್ಕೆ ತಾಕದೆ ತುಳಸಿಕಟ್ಟೆಯ ಆಚೆ ಹೋಯಿತು. ಅವನ ಹೆಸರನ್ನು ನಾನು ಈಗ ಬರೆಯುತ್ತಿದ್ದೇನೆ. ಆ ಕ್ಷಣದಲ್ಲಿ ಅದು ಅಲ್ಲಿ ಯಾರ ಬಳಿಯೂ ಇರಲಿಲ್ಲ. ಮಕ್ಕಳು ಅವನ ಸುತ್ತ ನಿಂತರು.

"ಏನಾದ್ರೂ ಆಗ್ತಿದೆಯೇನೋ?"

"ಇಲ್ಲ."

"ನಿನ್ನ ಹೆಸರು ಹೇಳು."

ಅವನು ಬಾಯಿ ತೆರೆದ, ಮುಚ್ಚಿದ, ಹಲ್ಲು ಬಿದ್ದ ಜಾಗವನ್ನು ನಾಲಿಗೆಯಿಂದ ಹುಡುಕುವವನ ಹಾಗೆ ಮುಖ ಮಾಡಿದ. ಆಮೇಲೆ ನಗಲು ಶುರುಮಾಡಿದ. "ಇಲ್ಲ ಕಣ್ರೋ! ನಿಜವಾಗ್ಲೂ ಇಲ್ಲ!" ಅವನಿಗೆ 'ಕೆಂಪಂಗಿ' ಎಂದು ಹೆಸರಿಟ್ಟರು. ಐದೇ ನಿಮಿಷದಲ್ಲಿ ಅವನು ಗುಂಪಿನ ದೊಡ್ಡ ಮನುಷ್ಯನಾದ. ಅಕ್ಷರದ ಆಟದಲ್ಲಿ ಇನ್ನೊಬ್ಬ ಹುಡುಗಿ 'ಈ' ಎಂಬ ಒಂದೇ ಅಕ್ಷರದ ಪದ ಕಟ್ಟಿ ಸೋತಳು. ಇಳಾ 'ಭ್ರಮರ' ಕಟ್ಟಿ ಎರಡನೆಯವಳಾದಳು. ಚಪ್ಪಾಳೆ ಬಿತ್ತು. ಅವಳು ಅಡುಗೆಮನೆ ಬಾಗಿಲ ಕಡೆ ನೋಡಿದಳು. ಕಾತ್ಯಾಯಿನಿ ಕೋಸಂಬರಿಯ ಬಟ್ಟಲು ಹಿಡಿದುಕೊಂಡೇ ಇದ್ದಳು, ಹಂಚಿರಲಿಲ್ಲ.

ನಾಲ್ಕೂ ಹತ್ತಕ್ಕೆ ಪೇಟೆ ಸುತ್ತು ಹಾಸಿದೆ. ನಿಯಮ ಓದಿದೆ. ಏಳೂ ಮಕ್ಕಳು ಹೂಂ ಎಂದರು. ಆಟ ಚುರುಕಾಗಿ ನಡೆಯಿತು. ಹಾವು ಕಚ್ಚಿದಾಗಲೆಲ್ಲ ಕಿರುಚಾಟ. ಇಳಾ ತಾನೇ ಬರೆದ ಹಾವುಗಳಿಗೆ ಮೂರು ಸಲ ಸಿಕ್ಕಿ ಗಿರಣಿಯ ಹತ್ತಿರವೇ ಸುತ್ತುತ್ತಿದ್ದಳು. ಎಲ್ಲರಿಗಿಂತ ಮೊದಲು ಜಬೀನಾ ಮನೆ ಸೇರಿ ಎದ್ದು ಕುಣಿದಳು.

"ಗೆದ್ದೆ! ಅಮ್ಮೀ, ಗೆದ್ದೆ!"

"ಶಭಾಷ್ ನನ್ನ..." ಎಂದ ನೂರ್‌ಜಹಾನ್ ಅಲ್ಲಿಗೇ ನಿಂತರು. ಮಗಳ ಮುಖ ನೋಡಿದರು. ತುಟಿ ಅಲ್ಲಾಡಿತು. "ವನಮಾಲಕ್ಕ, ಇವಳ ಹೆಸರು... ಇವಳು ಗೆದ್ದಳಲ್ಲ?"

ನಾನು ನಿಯಮದ ಹಾಳೆ ಎತ್ತಿಕೊಂಡು ಓದಿದೆ. 'ಕೊನೆಗೆ ಉಳಿದವರು ಗೆದ್ದಂತೆ, ಮಿಕ್ಕವರೆಲ್ಲ ಸೋತಂತೆ.' ಬಳೆ ಎಸೆತಕ್ಕೆ ಬರೆದಿದ್ದ ವಾಕ್ಯ. ತಪ್ಪಿದವರು ಹೊರಗೆ ಹೋಗುವ ಆಟದಲ್ಲಿ ಕೊನೆಗೆ ಉಳಿದವರು ಗೆಲ್ಲುತ್ತಾರೆ. ಓಟದ ಆಟದಲ್ಲಿ ಕೊನೆಗೆ ಉಳಿಯುವವರು ಹಿಂದೆ ಬಿದ್ದವರು. ಆ ಹಾಳೆಯ ಮೇಲ್ಭಾಗ ಮಾತ್ರ ಬದಲಾಯಿಸಿ ಕೆಳಗಿನದನ್ನು ಹಾಗೇ ನಕಲು ಮಾಡಿದ್ದೆ. ಎರಡು ಸಲ ಓದಿಯೂ ಕಾಣಲಿಲ್ಲ, ಯಾಕೆಂದರೆ ಅದರಲ್ಲಿ ಕಾಗುಣಿತದ ತಪ್ಪಿರಲಿಲ್ಲ. ಮೂವತ್ತೊಂದು ವರ್ಷ ಬೇರೆಯವರ ತಪ್ಪು ಹಿಡಿದವಳು ನಾನು.

ಚಾಪೆಯ ಮೇಲೆ ಮಂಡಿಯೂರಿ, ತಪ್ಪು ನನ್ನದೆಂದು ಮಕ್ಕಳಿಗೆ ತಿಳಿಸಿದೆ. ಹೂಂ ಎಂದಾಗಿದೆ, ಈಗ ಬದಲಾಯಿಸಲು ಬರುವುದಿಲ್ಲ. ಬೇಕಾದರೆ ಆಟ ಇಲ್ಲಿಗೇ ನಿಲ್ಲಿಸಬಹುದು ಎಂದೆ.

ಹೆಸರಿಲ್ಲದ ಜಬೀನಾ ಸೊಂಟದ ಮೇಲೆ ಕೈಯಿಟ್ಟಳು. "ನಿಲ್ಲಿಸೋದಾ? ಹಾಗಾದ್ರೆ ನಾನು ಸುಮ್ನೆ ಸೋತೆನಾ? ಎಲ್ರೂ ಬನ್ನಿ ಮನೆಗೆ!"

"ಬರ್ತೀವಿ ಇರೇ ಇವಳೇ," ಎಂದ ಕೆಂಪಂಗಿ.

ಕೊನೆಗೆ ಉಳಿದರೆ ಗೆಲುವು ಎಂದು ಗೊತ್ತಾದ ಮೇಲೆ ಮಕ್ಕಳು ನಿಧಾನಿಸುತ್ತಾರೆಂದು ನಾನು ತಿಳಿದಿದ್ದೆ. ಅದೂ ತಪ್ಪು. ಅವರು ಇನ್ನೂ ಜೋರಾಗಿ ಎಸೆದರು. ಒಬ್ಬೊಬ್ಬರೇ ಕೂಗುತ್ತ ಮನೆ ಸೇರಿದರು, ಸೇರಿದೊಡನೆ ಹೆಸರು ಬಿಟ್ಟರು, ಬಿಟ್ಟವರು ಉಳಿದವರನ್ನು ಹುರಿದುಂಬಿಸಿದರು. ಕೊನೆಯಲ್ಲಿ ಒಬ್ಬ ಹುಡುಗ ಮತ್ತು ಇಳಾ ಮಾತ್ರ. ಹುಡುಗನಿಗೆ ಎರಡು ಬಿಳಿ ಬೇಕಿತ್ತು. ಬಿದ್ದವು. ಅವನೂ ಹೋದ.

ಇಳಾ ಪೋಸ್ಟಾಫೀಸಿನ ಮನೆಯ ಮೇಲೆ ಒಬ್ಬಳೇ ಉಳಿದಿದ್ದಳು. "ದೊಡ್ಡಮ್ಮ, ನಾನು ಗೆದ್ದೆನಾ, ಸೋತೆನಾ?"

"ನಿಯಮದ ಪ್ರಕಾರ ಗೆದ್ದೆ."

"ಆಟದ ಪ್ರಕಾರ?"

"ಸೋತೆ. ಎಲ್ಲರಿಗಿಂತ ಹಿಂದೆ."

"ಎರಡೂ ಲೆಕ್ಕಕ್ಕುಂಟು ತಾನೆ?"

"ಉಂಟು."

ಆಗ ಗೇಟು ಕಿರ್ ಎಂದಿತು. ನಂಜುಂಡಾರಾಧ್ಯರು ಕಂಕುಳಲ್ಲಿ ಉದ್ದ ರಿಜಿಸ್ಟರು ಇಟ್ಟುಕೊಂಡು ಬಂದರು. ಸಭ್ಯ ಮನುಷ್ಯ. ಚಪ್ಪಲಿಯನ್ನು ಜೋಡಿಯಾಗಿ ಬಿಟ್ಟು ಒಳಗೆ ಬಂದರು.

"ಮೇಡಂ, ನಿಮ್ಮ ಕಾಗದ ತಲುಪಿತು. ಉತ್ತರ ಬರೆಯೋದಕ್ಕಿಂತ ಖುದ್ದು ಬರೋದು ಸರಿ ಅನ್ನಿಸ್ತು."

"ಬನ್ನಿ ಆರಾಧ್ಯರೇ. ಕೋಸಂಬರಿ ತಗೊಳ್ಳಿ."

"ಡ್ಯೂಟಿ ಮೇಲಿದೀನಿ." ಅವರು ಹಾವುಗಳ ಹಲ್ಲನ್ನು ನೋಡಿದರು, ಕರಟಗಳನ್ನು ನೋಡಿದರು, ಮೊಹರಿಗಾಗಿ ಕ್ಯಾಲೆಂಡರನ್ನು ಮಗುಚಿ ನೋಡಿದರು. ಮಗುಚಿದ ಕಡೆ ಸೋಪಿನ ಜಾಹೀರಾತು ಇತ್ತು. ಮೊದಲು ನನ್ನ ಹೆಸರು ಬರೆದುಕೊಂಡರು. ಆಮೇಲೆ ಮಕ್ಕಳ ಕಡೆ ತಿರುಗಿದರು. "ಹೆಸರೇನಪ್ಪ?"

"ಗೊತ್ತಿಲ್ಲ ಸಾರ್."

"ನಿಂದೇನಮ್ಮ?"

"ಇತ್ತು ಸಾರ್. ಈಗಿಲ್ಲ."

"ಅಮ್ಮಾ, ಇವಳು ನಿಮ್ಮ ಮಗಳಲ್ವಾ? ಹೆಸರು ಹೇಳಿ."

"ನನ್ನ ಮಗಳೇ," ಎಂದರು ನೂರ್‌ಜಹಾನ್. "ಅಷ್ಟು ಗ್ಯಾರಂಟಿ ಕೊಡ್ತೀನಿ. ಅದಕ್ಕಿಂತ ಜಾಸ್ತಿ ಬೆಳಿಗ್ಗೆ ಕೇಳಿ."

ಮಕ್ಕಳು ನಕ್ಕರು. ಆರಾಧ್ಯರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಪಟ್ಟಿಯನ್ನು ಆಟ ನಡೆದ ಸ್ಥಳದಲ್ಲಿ, ಆಟದ ದಿನವೇ ಬರೆಯಬೇಕೆಂಬುದು ಬೈಲಾದ ಒಂಬತ್ತನೇ ಕಲಮು. ಬೆಳಿಗ್ಗೆ ಬರೆದುಕೊಳ್ಳುವ ಹಾಗಿಲ್ಲ. ಅವರು ಪೆನ್ನು ಹಿಡಿದು ಆರು ಮಕ್ಕಳನ್ನು ದಾಟಿ ಏಳನೆಯವಳ ಮುಂದೆ ನಿಂತರು.

"ಪುಟ್ಟಿ, ನಿನಗಾದ್ರೂ ಹೆಸರಿದೆಯಾ?"

ಇಳಾ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಇದೆ," ಎಂದಳು.

ಕಾತ್ಯಾಯಿನಿ ಅಡುಗೆಮನೆ ಬಾಗಿಲು ಬಿಟ್ಟು ಮುಂದೆ ಬಂದಳು. ಆರಾಧ್ಯರು ಅವಳ ಕಡೆ ತಿರುಗಿ ದನಿ ತಗ್ಗಿಸಿದರು. "ನೋಡಿ ತಾಯಿ, ನನಗೂ ಮಕ್ಕಳಿದಾರೆ. ಹದಿನೈದು ದಿನ ಸ್ಕೂಲು ತಪ್ಪತ್ತೆ, ಬೋರ್ಡಿನ ಮೇಲೆ ಹೆಸರು ನೋಡ್ತಾರೆ. ನೀವು ಆ ಮಾತು ಹೇಳಿಬಿಡಿ. ಹೆಸರಿರೋ ತನಕ ಹೇಳ್ಬಹುದು. ಹೇಳಿದ್ರೆ ಇವಳು ಆಡೇ ಇಲ್ಲ. ನಾನು ಪೆನ್ನು ಮುಚ್ಚಿಟ್ಟು ಹೋಗ್ತೀನಿ."

ಇಲ್ಲಿ ನಾನು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಐದು ಕಲ್ಲಿನ ದಿನ ಒಂದು ಸಲ ತಂಗಿಯ ಪರವಾಗಿ ಆಟ ನಿರ್ಧರಿಸಿದ್ದೆ, ಸಾಕು.

ಇಳಾ ಎದ್ದು ನಿಲ್ಲಲಿಲ್ಲ. ಮಣೆಯ ಮುಂದೆ ಕೂತೇ ಇದ್ದಳು. "ಅಮ್ಮ," ಎಂದಳು, ಅಷ್ಟೇ. ಬೇಡಿಕೊಳ್ಳುವ ದನಿಯಲ್ಲ. ನನ್ನ ಕಾಲು ತುಳಿಯಬೇಡ ಎನ್ನುವವರ ದನಿ. ಕಾತ್ಯಾಯಿನಿ ಬಾಯಿ ತೆರೆದಳು. ಆ ಮಾತು ಅವಳಿಗೆ ಒಂಬತ್ತು ವರ್ಷದ ರೂಢಿ. ಪಾರ್ಕಿನಲ್ಲಿ, ನೆಂಟರ ಮನೆಯಲ್ಲಿ, ಶಾಲೆಯ ಅಂಗಳದಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡದ್ದು. ಅದರ ಮೊದಲ ಪದ ಹೊರಗೂ ಬಂತು.

"ಇವಳು," ಎಂದಳು. ಆರಾಧ್ಯರು ಪೆನ್ನಿನ ಮುಚ್ಚಳ ಹುಡುಕಿದರು. "ಇವಳು ನನ್ನ ಮಗಳು. ಬರ್ಕೊಳ್ಳಿ."

"ಏನಂದ್ರಿ ತಾಯಿ?"

"ಬರ್ಕೊಳ್ಳಿ ಅಂದೆ. ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು. ಇಳಾ."

ಆರಾಧ್ಯರು ಒಂದು ಕ್ಷಣ ಕಾದರು. ಅವಳು ಮನಸ್ಸು ಬದಲಿಸಲಿ ಎಂದೇ ಕಾದರೆಂದು ನನ್ನ ನಂಬಿಕೆ, ಅವರನ್ನು ಕೇಳಿಲ್ಲ. ಆಮೇಲೆ ಬರೆದರು. ಕಾತ್ಯಾಯಿನಿ ಬಗ್ಗಿ ರಿಜಿಸ್ಟರು ನೋಡಿದಳು.

"ಲ ಅಲ್ಲ, ಳ. ತಿದ್ದಿ."

ತಿದ್ದಿದರು. ಇಳಾ ಮೊಣಕಾಲೂರಿ ತನ್ನ ಹೆಸರನ್ನು ತಲೆಕೆಳಗಾಗಿ ಓದಿದಳು. ಮುಖದಲ್ಲಿ ನಗುವಿರಲಿಲ್ಲ. ಕೆಲಸ ಸರಿಯಾಗಿದೆಯೇ ಎಂದು ಪರಿಶೀಲಿಸುವವರ ಮುಖ. ನಂತರ ಬೀಜಗಳನ್ನು ಗುಡ್ಡೆ ಮಾಡಿ ಅಮ್ಮನ ಮುಂದೆ ಸರಿಸಿದಳು. ನನ್ನ ಕೈಯಿಂದ ನಿಯಮದ ಹಾಳೆ ಕಿತ್ತುಕೊಂಡು, ಕೊನೆಯ ಸಾಲು ಹೊಡೆದುಹಾಕಿ, ಕೆಳಗೆ ತನ್ನ ಅಕ್ಷರದಲ್ಲಿ 'ಕೊನೆಗೆ ಬಂದವರು ಸೋತಂತೆ' ಎಂದು ಬರೆದು ಗಟ್ಟಿಯಾಗಿ ಓದಿದಳು. ಹೆಸರಿಲ್ಲದ ಆರು ಮಂದಿ ಹೂಂ ಎಂದರು. ಕಾತ್ಯಾಯಿನಿಯೂ ಹೂಂ ಎಂದು ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ಕೂತಳು.

"ತಾಯಿ," ಎಂದರು ಆರಾಧ್ಯರು ಕೊಂಚ ಗಾಬರಿಯಿಂದ, "ನಿಮಗೆ ಬೈಲಾ ಅಡ್ಡ ಬರಲ್ಲ, ಸರಿ. ಆದ್ರೆ ಮಗಳ ಹೆಸರು ಈಗ ತಾನೇ ಪಟ್ಟಿಗೆ ಹೋಗಿದೆ. ಮತ್ತೆ ಆಡಿಸ್ತೀರಾ? ನಾನು ಇಲ್ಲೇ ನಿಂತಿರುವಾಗ?"

ಕಾತ್ಯಾಯಿನಿ ನಾಲ್ಕು ಬೀಜಗಳನ್ನೂ ಮುಷ್ಟಿಯೊಳಗೆ ಕುಲುಕುತ್ತ ತಲೆಯೆತ್ತಿ ಅವರನ್ನು ನೋಡಿದಳು.

"ನಿಂತ್ಕೊಳ್ಳಿ, ಬೇಡ ಅಂದೋರ್ಯಾರು? ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಬರ್ತಿದೀರಿ."